ಕಡಮೆ ದರದ ಧರ್ಮವಿಚಾರ

ಅರಸನ ನ್ಯಾಯಸಭೆಗೆ ಬರತಕ್ಕ ವ್ಯಾಜ್ಯಗಳನ್ನು ಮನುಸ್ಮೃತಿಯು ಹದಿನೆಂಟು ವ್ಯವಹಾರಪದಗಳಾಗಿ ವಿಂಗಡಿಸಿದೆ. ಅವುಗಳಲ್ಲಿ ನಿಕ್ಷೇಪವೆಂಬುದು ಒಂದು, ಕ್ರಯವಿಕ್ರಯಾನುಶಯವೆಂಬುದು ಇನ್ನೊಂದು. ಒಬ್ಬನು ತನ್ನ ಒಡವೆಯನ್ನು ನಂಬುಗೆಯ ಮೇಲೆ ಮತ್ತೊಬ್ಬನ ವಶಕ್ಕೆ ಕೊಟ್ಟು ಹೋದರೆ ಅದು ನಿಕ್ಷೇಪ. ಕೊಂಡುದಕ್ಕಾಗಲಿ ಮಾರಿದುದಕ್ಕಾಗಲಿ ಬಳಿಕ ಮರುಗಿ, ಆದ ವ್ಯವಹಾರವನ್ನು ಮುರಿಯಲೆಳಸಿದರೆ ಅದು ಕ್ರಯವಿಕ್ರಯಾನುಶಯ. ಮೇಲುನೋಟಕ್ಕೆ ಎರಡೂ ಸೊತ್ತಿನ ಜಗಳಗಳೇ ಸರಿ. ಆದರೆ ಅವುಗಳ ಹಿಂದಿರುವ ಭಾವನೆ ಬೇರೆ ಬೇರೆ. ಕೊಳ್ಳುವವನು ಸಂತೆಯಲ್ಲಿ ಎದುರಿಗೆ ನಿಂತಿರುತ್ತಾನೆ. ಸರಕನ್ನು ಮುಟ್ಟಿ ನೋಡುತ್ತಾನೆ, ಚೌಕಾಶಿ ಮಾಡುತ್ತಾನೆ, ಮನಸ್ಸಿಗೆ ಬಾರದಿದ್ದರೆ ಪಕ್ಕದ ಅಂಗಡಿಗೆ ನಡೆಯುತ್ತಾನೆ. ನಿಕ್ಷೇಪವಿಟ್ಟವನಾದರೋ ಎದುರಿಗೆ ಇಲ್ಲ. ಅವನು ಇಲ್ಲದಾಗ ಅವನ ಒಡವೆಗೆ ಏನಾಗುವುದೆಂಬುದು ಇಟ್ಟುಕೊಂಡವನ ಅಂತಃಕರಣವೊಂದಕ್ಕೇ ಗೊತ್ತು.

ಸರಕಾರಕ್ಕೆ ಸಾಮಾನು ಒದಗಿಸುವ ಕಂತ್ರಾಟುದಾರನ ಉದ್ಯೋಗವು ಈ ಎರಡರಲ್ಲಿ ಯಾವುದಕ್ಕೆ ಸೇರಿದುದು? ಕಾಗದಪತ್ರಗಳನ್ನು ನೋಡಿದರೆ ಅದು ಶುದ್ಧ ಕ್ರಯವಿಕ್ರಯ. ಒಬ್ಬನು ದರ ಬರೆಯುವನು, ಇನ್ನೊಬ್ಬನು ಒಪ್ಪುವನು, ಸರಕು ಬರುವುದು, ಹಣ ಸಲ್ಲುವುದು. ಆದರೆ ಈ ವ್ಯವಹಾರದೊಳಗೆ ಒಂದು ವೈಚಿತ್ರ್ಯವಿದೆ. ಸಂತೆಯಲ್ಲಿ ಹಣ ಕೊಡುವವನು, ಆರಿಸುವವನು, ಉಪಯೋಗಿಸುವವನು ಒಬ್ಬನೇ, ಇಲ್ಲಿ ಮೂವರು. ಹಣವು ತೆರಿಗೆ ಕೊಟ್ಟವನದು. ಆಯ್ಕೆಯು ಕಚೇರಿಯ ಅಧಿಕಾರಿಯದು. ಉಪಯೋಗಿಸುವವನು ಆಸ್ಪತ್ರೆಯ ರೋಗಿಯೋ, ಗಡಿಯ ಸಿಪಾಯಿಯೋ, ಸರಕಾರಿ ಶಾಲೆಯ ಹುಡುಗಿಯೋ ಆಗಿರುತ್ತಾನೆ. ಈ ಮೂರನೆಯವನು ಟೆಂಡರಿನ ಯಾವ ಪುಟದಲ್ಲಿಯೂ ರುಜು ಹಾಕಿಲ್ಲ. ಅವನ ಮೈಗೆ ಬಟ್ಟೆ, ಅವನ ತಟ್ಟೆಗೆ ಬೇಳೆ, ಅವನ ನರಕ್ಕೆ ಔಷಧ ಹೋಗುವುದು. ಆದರೆ ಅವನು ಯಾವ ಅಂಗಡಿಯಿಂದಲೂ ಎದ್ದು ಪಕ್ಕದ ಅಂಗಡಿಗೆ ನಡೆಯಲಾರನು. ಕ್ರಯವಿಕ್ರಯದ ಒಡಲಿನಲ್ಲಿ ನಿಕ್ಷೇಪದ ಪ್ರಾಣವಿರುವ ವ್ಯವಹಾರವಿದು. ಈ ಉದ್ಯೋಗದ ಧರ್ಮಸಂಕಟಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಹುಟ್ಟುವುವು.

ಸರಕಾರಗಳು ತಮಗೆ ಸಾಮಾನು ಒದಗಿಸುವವರನ್ನೂ, ಅದನ್ನು ಪಡೆದುಕೊಳ್ಳುವ ತಮ್ಮ ನೌಕರರನ್ನೂ ಶಂಕೆಯಿಂದಲೇ ನೋಡಿವೆ. ಮೈಸೂರಿನ ಪ್ರಾಚ್ಯ ಗ್ರಂಥಭಂಡಾರದಲ್ಲಿ ಆರ್. ಶಾಮಶಾಸ್ತ್ರಿಗಳು ೧೯೦೫ರಲ್ಲಿ ಕಂಡುಹಿಡಿದು ೧೯೦೯ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜದ್ರವ್ಯವನ್ನು ಅಪಹರಿಸುವ ಬಗೆಗಳನ್ನು ನಲವತ್ತೆಂದು ಎಣಿಸುವುದು. ಅಷ್ಟು ಬಗೆಗಳನ್ನು ಒಂದೊಂದಾಗಿ ಹೆಸರಿಸಬಲ್ಲವನು ಉಗ್ರಾಣಗಳ ಬಾಗಿಲಲ್ಲಿ ಬಹಳ ಹೊತ್ತು ನಿಂತವನೇ ಆಗಿರಬೇಕು. ಈಗಿನ ಟೆಂಡರು ಪದ್ಧತಿಯು ಆ ಹಳೆಯ ಶಂಕೆಯ ಮಗುವೇ. ಅಧಿಕಾರಿಯು ತನ್ನ ಬಂಧುವಿಗೋ ಮಿತ್ರನಿಗೋ ಗುತ್ತಿಗೆ ಕೊಡದಿರಲಿ, ಎಲ್ಲರಿಗೂ ತಿಳಿಯುವಂತೆ ಸಾರಿ ಕರೆಯಲಿ, ಮುಚ್ಚಿದ ಲಕೋಟೆಗಳನ್ನು ಎಲ್ಲರೆದುರಿಗೆ ಒಡೆಯಲಿ ಎಂಬುದು ಅದರ ತಿರುಳು. ಕರ್ನಾಟಕವು ಇದಕ್ಕಾಗಿಯೇ ೧೯೯೯ರಲ್ಲಿ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಕಾಯಿದೆಯನ್ನು ಮಾಡಿತು. ಈಚೆಗೆ ಲಕೋಟೆಯ ಸ್ಥಾನಕ್ಕೆ ಗಣಕಯಂತ್ರ ಬಂದಿದೆ; ಕೇಂದ್ರ ಸರಕಾರವು ೨೦೧೬ರಲ್ಲಿ ‘ಜೆಮ್’ ಎಂಬ ಪೇಟೆಯನ್ನೇ ಗಣಕಜಾಲದ ಮೇಲೆ ತೆರೆದಿದೆ. ಆದರೂ ಮಾತು ಅದೇ ಹಳೆಯದು. ಮೊದಲು ಯೋಗ್ಯತೆಯ ಕಾಗದಗಳನ್ನು ಪರೀಕ್ಷಿಸುವರು. ಅದರಲ್ಲಿ ತೇರ್ಗಡೆಯಾದವರ ದರಗಳನ್ನು ಬಳಿಕ ತೆರೆಯುವರು. ಯಾರ ದರ ಎಲ್ಲಕ್ಕಿಂತ ಕಡಮೆಯೋ ಅವನಿಗೆ ಗುತ್ತಿಗೆ. ಕಚೇರಿಗಳಲ್ಲಿ ಅವನನ್ನು ‘ಎಲ್ ಒಂದು’ ಎನ್ನುವರು.

ಈ ಪದ್ಧತಿಯು ಅಧಿಕಾರಿಯ ಕೈಯನ್ನು ಕಟ್ಟುವುದರಲ್ಲಿ ಬಹುಮಟ್ಟಿಗೆ ಗೆದ್ದಿದೆ ಎಂದು ಒಪ್ಪಬೇಕು. ಆದರೆ ಕೈಯನ್ನು ಕಟ್ಟುವಾಗ ಕಣ್ಣನ್ನೂ ಕಟ್ಟಿಬಿಟ್ಟಿತು. ಅಧಿಕಾರಿಯು ಸರಕಿನ ಗುಣವನ್ನು ತೂಗಿ ನೋಡಿ ಎರಡನೆಯವನನ್ನು ಆರಿಸಿದರೆ ಲೆಕ್ಕಪರಿಶೋಧಕನು ಕಾರಣ ಕೇಳುವನು. ಮೊದಲನೆಯವನನ್ನು ಆರಿಸಿದರೆ ಯಾರೂ ಏನೂ ಕೇಳರು. ಹೀಗಿರಲು ಬುದ್ಧಿವಂತನಾದ ಅಧಿಕಾರಿ ಏನು ಮಾಡುವನೆಂದು ಊಹಿಸುವುದು ಕಷ್ಟವಲ್ಲ.

ಇನ್ನು ದರವೆಂಬುದು ಹೇಗೆ ಹುಟ್ಟುವುದೆಂದು ನೋಡಬೇಕು. ಶಾಲೆಯ ಸಮವಸ್ತ್ರದ ಬಟ್ಟೆಯೇ ಉದಾಹರಣೆಯಾಗಲಿ. ಅಂಕಿಗಳು ಲೆಕ್ಕ ತಿಳಿಯಲೆಂದು ಕಲ್ಪಿಸಿದವು. ಟೆಂಡರಿನಲ್ಲಿ ಹಾಸಿನ ಎಳೆ ಅಂಗುಲಕ್ಕೆ ಇಷ್ಟು, ಹೊಕ್ಕಿನ ಎಳೆ ಇಷ್ಟು, ಚದರ ಮೀಟರಿಗೆ ತೂಕ ಇಷ್ಟು ಗ್ರಾಮು, ಒಗೆದರೆ ಬಣ್ಣ ಬಿಡಕೂಡದು, ಕುಗ್ಗುವುದಾದರೆ ಇಂತಿಷ್ಟಕ್ಕಿಂತ ಹೆಚ್ಚು ಕುಗ್ಗಕೂಡದು ಎಂದು ವಿಧಿಸಿರುವರು. ಅಂಥ ಬಟ್ಟೆಯನ್ನು ನೂಲು, ನೇಯ್ಗೆ, ಬಣ್ಣ, ಕೂಲಿ, ಸಾಗಾಟ ಎಲ್ಲ ಸೇರಿ ಮೀಟರಿಗೆ ೧೦೦ ರೂಪಾಯಿಗೆ ಒದಗಿಸಬಹುದೆನ್ನಿ. ಸರಕು ತಲುಪಿ ಎಂಟು ತಿಂಗಳಾದ ಮೇಲೆ ಬಿಲ್ಲಿನ ಹಣ ಬರುವುದೆಂಬುದು ವ್ಯಾಪಾರಿಯ ಅನುಭವವಾಗಿದ್ದರೆ, ವರ್ಷಕ್ಕೆ ನೂರಕ್ಕೆ ೧೨ರಂತೆ ಸಾಲದ ಬಡ್ಡಿ ೮ ರೂಪಾಯಿ. ಭದ್ರತಾ ಠೇವಣಿ, ಪರೀಕ್ಷೆಯ ಖರ್ಚು, ತಿರಸ್ಕೃತವಾಗಿ ಹಿಂದಿರುಗಬಹುದಾದ ಮಾಲಿನ ನಷ್ಟ ಇವಕ್ಕೆಂದು ೨ ರೂಪಾಯಿ. ಮನೆ ನಡೆಯಲು ಲಾಭ ೬ ರೂಪಾಯಿ. ಹೀಗೆ ಪ್ರಾಮಾಣಿಕನಾದವನು ೧೧೬ ಎಂದು ಬರೆಯುವನು. ದರಗಳನ್ನು ತೆರೆದಾಗ ಇನ್ನೊಬ್ಬನದು ೯೭ ಎಂದಿರುವುದು. ಗುತ್ತಿಗೆ ೯೭ಕ್ಕೆ ಹೋಗುವುದು. ಕಚೇರಿಯ ಕಡತದಲ್ಲಿ ಸರಕಾರಕ್ಕೆ ಮೀಟರಿಗೆ ೧೯ ರೂಪಾಯಿ ಉಳಿತಾಯವಾಯಿತೆಂದು ಟಿಪ್ಪಣಿ ಬೀಳುವುದು.

ಆ ೧೯ ರೂಪಾಯಿ ಎಲ್ಲಿಂದ ಬಂದಿತು? ಯಾವನೂ ಮನೆಯಿಂದ ತಂದು ಹಾಕುವುದಿಲ್ಲವಷ್ಟೆ. ಹಾಸಿನಲ್ಲಿ ಅಂಗುಲಕ್ಕೆ ನಾಲ್ಕೆಂಟು ಎಳೆ ಕಡಮೆ ಮಾಡಿ, ತಪ್ಪಿದ ತೂಕವನ್ನು ಗಂಜಿಯಿಂದ ತುಂಬಿದರೆ ತಕ್ಕಡಿಗೆ ಭೇದ ತಿಳಿಯದು. ಗಂಜಿ ಹಾಕಿದ ಬಟ್ಟೆ ಕೈಗೆ ದಪ್ಪವಾಗಿಯೂ ಗರಿಗರಿಯಾಗಿಯೂ ಹತ್ತುವುದು. ಮೊದಲನೆಯ ಒಗೆತದಲ್ಲಿ ಗಂಜಿಯೆಲ್ಲ ನೀರಿಗೆ ಹೋಗಿ ಒಳಗಿನ ಬಡತನ ಹೊರಗೆ ಕಾಣುವುದು. ಒಳ್ಳೆಯ ನಮೂನೆಯನ್ನು ಪರೀಕ್ಷೆಗೆ ಕೊಟ್ಟು ಬೇರೆ ಮಾಲನ್ನು ಉಗ್ರಾಣಕ್ಕೆ ಇಳಿಸುವುದು ಇನ್ನೊಂದು ದಾರಿ. ಇದಕ್ಕೆ ಉಗ್ರಾಣದವನ ಒಲುಮೆ ಬೇಕು, ಒಲುಮೆಗೆ ಬೆಲೆಯುಂಟು. ಸ್ಪರ್ಧೆಗೆ ಬಂದವರೆಲ್ಲ ಮೊದಲೇ ಒಳಗೊಳಗೆ ಕಲೆತು, ಈ ಸಲ ನೀನು, ಮುಂದಿನ ಸಲ ನಾನು ಎಂದು ಸರದಿ ಕಟ್ಟಿಕೊಳ್ಳುವುದುಂಟು. ೨೦೦೨ರ ಸ್ಪರ್ಧಾ ಕಾಯಿದೆಯು ಇದನ್ನು ಹೆಸರಿಸಿಯೇ ನಿಷೇಧಿಸಿದೆ. ಮತ್ತೆ ಕೆಲವರು ನಿಜವಾಗಿಯೂ ನಷ್ಟಕ್ಕೇ ಬರೆಯುವರು. ಮುಂದಿನ ದೊಡ್ಡ ಟೆಂಡರಿಗೆ ಹಿಂದೆ ಇಂತಿಷ್ಟು ಮಾಲು ಒದಗಿಸಿದ ಅನುಭವಪತ್ರ ಬೇಕು. ಆ ಪತ್ರವನ್ನು ಸಂಪಾದಿಸಲು ಈ ವರ್ಷದ ನಷ್ಟವನ್ನು ಬೆಲೆಯಾಗಿ ತೆರುವರು. ಈ ಕೊನೆಯ ವರ್ಗವನ್ನು ಉಳಿದವರೊಡನೆ ಒಂದೇ ಗೂಟಕ್ಕೆ ಕಟ್ಟುವುದು ನ್ಯಾಯವಲ್ಲ. ಏಕೆಂಬುದು ಮುಂದೆ ಬರುವುದು.

ಸಾಮಾನ್ಯವಾಗಿ ಜನರು ಮೋಸವು ಮಾಲು ಇಳಿಸುವಾಗ ನಡೆಯುವುದೆಂದು ತಿಳಿಯುವರು. ಕಾನೂನೂ ಹಾಗೆಯೇ ತಿಳಿದು ಉಗ್ರಾಣದ ಬಾಗಿಲಲ್ಲಿ ಪರೀಕ್ಷಕನನ್ನು ನಿಲ್ಲಿಸುವುದು. ವಿಚಾರ ಮಾಡಿದರೆ ಅದು ಆಗಲೇ ನಡೆದುಹೋಗಿರುವುದೆಂದು ತೋರುವುದು. ದರಪತ್ರವೆಂಬುದು ಬರಿಯ ಅಂಕಿಯಲ್ಲ, ಅದೊಂದು ವಚನ: ಇಂಥ ಗುಣದ ಇಷ್ಟು ಸರಕನ್ನು ಇಷ್ಟು ಹಣಕ್ಕೆ ಕೊಡಬಲ್ಲೆನೆಂಬ ವಚನ. ೯೭ ರೂಪಾಯಿಗೆ ಆ ಬಟ್ಟೆ ಆಗದೆಂದು ತಿಳಿದೂ ೯೭ ಎಂದು ಬರೆದವನು, ಒಂದು ಎಳೆಯನ್ನೂ ಕಡಮೆ ಮಾಡುವ ಮೊದಲೇ, ಒಂದು ಮುಷ್ಟಿ ಗಂಜಿಯನ್ನೂ ಕಲಸುವ ಮೊದಲೇ, ಸುಳ್ಳಾಡಿಯಾಯಿತು. ಮುಂದೆ ಕಾರಖಾನೆಯಲ್ಲಿ ನಡೆಯುವುದು ಆ ಸುಳ್ಳಿನ ಕೂಲಿಕೆಲಸ ಮಾತ್ರ. ಒಮ್ಮೆ ಅಂಕಿ ಬರೆದಮೇಲೆ ಅವನಿಗೆ ಒಳ್ಳೆಯವನಾಗುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ. ಒಳ್ಳೆಯ ಮಾಲು ಕೊಟ್ಟರೆ ಮುಳುಗುವನು, ಕೊಡದಿದ್ದರೆ ವಚನಭ್ರಷ್ಟನಾಗುವನು.

ಜರ್ಮನಿಯ ತತ್ತ್ವಜ್ಞಾನಿ ಕಾಂಟನು ೧೭೮೫ರ ತನ್ನ ನೀತಿಗ್ರಂಥದಲ್ಲಿ ಒಬ್ಬ ಅಂಗಡಿಯವನ ದೃಷ್ಟಾಂತವನ್ನು ಕೊಟ್ಟಿದ್ದಾನೆ. ಆ ಅಂಗಡಿಯವನು ಅರಿಯದ ಗಿರಾಕಿಗೆ ಹೆಚ್ಚು ಬೆಲೆ ಹೇಳುವುದಿಲ್ಲ. ಮಗು ಬಂದರೂ ಎಲ್ಲರಿಗೆ ಕೊಡುವ ಬೆಲೆಗೇ ಕೊಡುವನು. ಇದು ಕರ್ತವ್ಯಬುದ್ಧಿಯಿಂದಲೋ, ಒಳ್ಳೆಯ ಹೆಸರಿದ್ದರೆ ವ್ಯಾಪಾರ ಬೆಳೆಯುವುದೆಂಬ ಲಾಭಬುದ್ಧಿಯಿಂದಲೋ ಎಂದು ಕಾಂಟನು ಕೇಳುವನು. ಅವನ ಕಾಲದ ಪೇಟೆಯಲ್ಲಿ ಮಗುವಿಗೆ ಭಯವಿದ್ದುದು ಹೆಚ್ಚಿನ ಬೆಲೆಯಿಂದ. ಟೆಂಡರಿನ ಪೇಟೆಯಲ್ಲಿ ಮಗುವಿಗೆ ಭಯವಿರುವುದು ಕಡಮೆ ಬೆಲೆಯಿಂದ! ಹೆಚ್ಚು ಬೆಲೆ ಹೇಳುವವನು ಇಲ್ಲಿ ಗುತ್ತಿಗೆಯನ್ನೇ ಪಡೆಯನು. ಕಡಮೆ ಹೇಳಿ ಗೆದ್ದವನೇ ಮಗುವಿನ ಬಳಿಗೆ ಬರುವವನು. ಇನ್ನೊಂದು ಮಾತು. ಕಾಂಟನ ಅಂಗಡಿಯವನಿಗೆ ಪ್ರಾಮಾಣಿಕತೆಯು ಲಾಭವನ್ನೂ ತರುತ್ತಿದ್ದುದರಿಂದ ಅವನ ಮನಸ್ಸನ್ನು ಅರಿಯುವುದು ಕಷ್ಟವಾಗಿದ್ದಿತು. ಕಂತ್ರಾಟುದಾರನ ವಿಷಯದಲ್ಲಿ ಆ ಕಷ್ಟವಿಲ್ಲ. ೧೧೬ ಎಂದು ಬರೆದು ಸೋತು ಮನೆಗೆ ಬಂದವನ ಪ್ರಾಮಾಣಿಕತೆಯಲ್ಲಿ ಲಾಭದ ಕಲಬೆರಕೆ ಇದ್ದಿತೆಂದು ಯಾವ ತತ್ತ್ವಜ್ಞಾನಿಯೂ ಹೇಳಲಾರನು.

ಆದರೆ ಸೋತವನನ್ನು ಹೊಗಳಿ ಮುಗಿಸುವುದು ಸುಲಭ. ಹೊಗಳಿಕೆಯಿಂದ ಮಗ್ಗ ತಿರುಗುವುದಿಲ್ಲ. ಹನ್ನೆರಡು ವಿದ್ಯುನ್ಮಗ್ಗಗಳನ್ನಿಟ್ಟುಕೊಂಡು ಇಪ್ಪತ್ತು ಜನರಿಗೆ ಕೂಲಿ ಕೊಡುವ ಒಬ್ಬ ಸಣ್ಣ ಮಾಲಿಕನ ಸ್ಥಿತಿಯನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ಎರಡು ಟೆಂಡರುಗಳಲ್ಲಿ ಅವನು ನ್ಯಾಯವಾದ ದರ ಬರೆದು ಸೋತಿದ್ದಾನೆ. ಮೂರನೆಯದೂ ಹೋದರೆ ಮಗ್ಗಗಳು ನಿಲ್ಲುವುವು. ಶನಿವಾರ ಸಂಜೆ ಕೂಲಿಗಾಗಿ ಬಾಗಿಲಲ್ಲಿ ನಿಲ್ಲುವವರ ಮುಖಗಳು ಅವನ ಕಣ್ಣೆದುರಿಗಿವೆ; ಬಟ್ಟೆ ತೊಡುವ ಮಕ್ಕಳ ಮುಖಗಳನ್ನು ಅವನು ಕಂಡಿಲ್ಲ. ಕಂಡ ಮುಖಕ್ಕಾಗಿ ಕಾಣದ ಮುಖವನ್ನು ಬಲಿಗೊಡುವುದು ಮನುಷ್ಯಸ್ವಭಾವ. ಅವನು ಲೋಭಿಯಲ್ಲ, ಹಾಗೆಂದು ಅವನು ಮಾಡಹೊರಟಿರುವುದು ಸರಿಯೂ ಅಲ್ಲ. ಅವನಿಗೆ ಸಲ್ಲತಕ್ಕ ಪರೀಕ್ಷೆ ಒಂದೇ: ತಾನು ದರದಲ್ಲಿ ಬಿಟ್ಟುಕೊಡುವ ಹಣವು ಯಾರ ಮೈಯಿಂದ ಕಳೆಯುವುದು? ಅವನು ತನ್ನ ಲಾಭವನ್ನು ಬಿಟ್ಟು, ತನ್ನ ಹೆಂಡತಿಯ ಒಡವೆಯನ್ನು ಅಡವಿಟ್ಟು, ಆರು ತಿಂಗಳು ನಷ್ಟ ತಿಂದು, ಎಳೆ ತಪ್ಪದ ಬಟ್ಟೆಯನ್ನೇ ಕೊಟ್ಟರೆ ಅವನ ಕಡಮೆ ದರಕ್ಕೆ ಯಾವ ದೋಷವೂ ಇಲ್ಲ. ಅದು ಔದಾರ್ಯವೋ ಅವಿವೇಕವೋ ಇದ್ದೀತು, ಸುಳ್ಳಲ್ಲ. ಅನುಭವಪತ್ರಕ್ಕಾಗಿ ನಷ್ಟಕ್ಕೆ ಬರೆದವನನ್ನು ಬೇರೆಯಾಗಿ ಎಣಿಸಬೇಕೆಂದುದು ಇದಕ್ಕಾಗಿಯೇ. ಬಿಟ್ಟುಕೊಟ್ಟುದು ತನ್ನದಾದರೆ ಅದು ವ್ಯಾಪಾರ. ಎದುರಿಗಿಲ್ಲದವನ ಸೊತ್ತನ್ನು ತಾನು ಬಿಟ್ಟುಕೊಟ್ಟು ಗುತ್ತಿಗೆ ಗೆದ್ದರೆ ಅದು ನಿಕ್ಷೇಪಾಪಹರಣ.

‘ಪರೀಕ್ಷಕನು ಒಪ್ಪಿ ಮುದ್ರೆ ಹಾಕಿದ್ದಾನಲ್ಲ, ಇನ್ನು ತನ್ನ ಹೊಣೆ ಏನು?’ ಎಂದು ಕೇಳುವವರುಂಟು. ಸಂತೆಯಲ್ಲಿ ಈ ಮಾತಿಗೆ ಬೆಲೆಯಿದೆ. ಅಲ್ಲಿ ಮುಟ್ಟಿ ನೋಡಿದವನೇ ತೊಡುವವನು. ಇಲ್ಲಿ ಮುದ್ರೆ ಹಾಕಿದವನು ಆ ಬಟ್ಟೆಯನ್ನು ತೊಡುವುದಿಲ್ಲ, ಅವನ ಮಕ್ಕಳೂ ಬಹುಶಃ ತೊಡುವುದಿಲ್ಲ. ಅವನ ಒಪ್ಪಿಗೆಯು ಸರಕಾರವನ್ನು ಕಟ್ಟಿಹಾಕಬಹುದು. ತೊಡುವ ಮಗುವಿನ ಹಕ್ಕನ್ನು ಬಿಟ್ಟುಕೊಡುವ ಅಧಿಕಾರ ಅವನಿಗೆ ಎಲ್ಲಿಂದ ಬಂದಿತು?

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಪ್ರಶ್ನೆ ಬಹು ಘೋರವಾದ ರೂಪದಲ್ಲಿ ಎದ್ದಿತು. ೧೮೬೧ರಲ್ಲಿ ಉತ್ತರದ ಸಂಸ್ಥಾನಗಳು ಅವಸರದಿಂದ ಸೈನ್ಯ ಕೂಡಿಸಿದಾಗ ಸಮವಸ್ತ್ರಗಳಿಗೆ ಬೇಡಿಕೆ ಒಮ್ಮೆಗೇ ಏರಿತು. ಹಳೆಯ ಉಣ್ಣೆಯ ಚಿಂದಿಗಳನ್ನು ಅರೆದು ಹಿಂಜಿ ಮತ್ತೆ ನೇಯ್ದ ‘ಶಾಡಿ’ ಎಂಬ ಬಟ್ಟೆಯಿಂದ ಹೊಲಿದ ಉಡುಪುಗಳನ್ನು ಕೆಲವರು ಒದಗಿಸಿದರು. ಮಳೆ ಬಂದಾಗ ಅವು ಸಿಪಾಯಿಗಳ ಮೈಮೇಲೆಯೇ ಪಿಸಿದು ಹೋದುವು. ಆ ಬಟ್ಟೆಯ ಹೆಸರು ಇಂಗ್ಲಿಷಿನಲ್ಲಿ ಕಳಪೆಯಾದ ಯಾವ ವಸ್ತುವಿಗೂ ವಿಶೇಷಣವಾಗಿ ನಿಂತುಹೋಗಿದೆ. ಕಂತ್ರಾಟುದಾರರು ಭಾಷೆಗೆ ಸಲ್ಲಿಸಿದ ಕಾಣಿಕೆಯೆಂದರೆ ಇದೊಂದು! ೧೮೬೩ರ ಮಾರ್ಚಿಯಲ್ಲಿ ಅಲ್ಲಿನ ಶಾಸನಸಭೆಯು ಸುಳ್ಳು ಹಕ್ಕುಗಳ ಕಾಯಿದೆಯನ್ನು ಮಾಡಿತು. ಲಿಂಕನ್ನನ ಕಾಯಿದೆಯೆಂದೂ ಅದಕ್ಕೆ ಹೆಸರು. ಮೋಸದಿಂದ ಸರಕಾರದ ಹಣ ಪಡೆದವನು ನಷ್ಟದ ಇಮ್ಮಡಿಯನ್ನೂ, ಒಂದೊಂದು ಸುಳ್ಳು ಬಿಲ್ಲಿಗೆ ೨೦೦೦ ಡಾಲರುಗಳನ್ನೂ ತೆರಬೇಕು. ಯಾವ ಪ್ರಜೆಯಾದರೂ ಸರಕಾರದ ಪರವಾಗಿ ದಾವೆ ಹೂಡಬಹುದು, ಗೆದ್ದರೆ ಬಂದುದರಲ್ಲಿ ಅರ್ಧ ಅವನಿಗೆ. ಒಳಗಿನವನೇ ಒಳಗಿನದನ್ನು ಹೊರಗೆ ಹಾಕಲೆಂಬುದು ಅದರ ಯುಕ್ತಿ. ತಿದ್ದುಪಡಿಗಳೊಡನೆ ಆ ಕಾಯಿದೆ ಇನ್ನೂ ಜೀವಂತವಾಗಿದೆ. ಆದರೂ ಅದು ಸುಳ್ಳು ಬಿಲ್ಲನ್ನು ಹಿಡಿಯುವ ಬಲೆ. ಲೋಭವನ್ನು ಲೋಭದಿಂದಲೇ ಹಿಡಿಯುವ ಯುಕ್ತಿಯಲ್ಲಿ ಜಾಣತನವಿದೆ, ನಾಚಿಕೆಯೂ ಇದೆ.

ಇಷ್ಟೆಲ್ಲ ತೊಡಕಿದ್ದರೆ ಸರಕಾರವು ತನಗೆ ಬೇಕಾದುದನ್ನು ತಾನೇ ಸಾಕಿ ಬೆಳೆಸಿ ತಯಾರಿಸಬಾರದೇಕೆ ಎಂದು ಕೆಲವರು ಕೇಳಬಹುದು. ಈ ಮಾತಿಗೆ ಕನ್ನಡ ನಾಡಿನಲ್ಲಿಯೇ ಹಳೆಯ ನಿದರ್ಶನವಿದೆ. ೧೭೯೧ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಬಾಗಿಲವರೆಗೆ ಬಂದು, ಅರಕೆರೆಯ ಬಳಿ ಕಾಳಗವನ್ನು ಗೆದ್ದೂ, ಎತ್ತುಗಳು ಸತ್ತು ಕಾಳು ತೀರಿದ್ದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆದುಹಾಕಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಅವನು ಮತ್ತೆ ಬಂದಾಗ ಅವನ ಸೈನ್ಯವನ್ನು ಉಣಿಸಿದವರಲ್ಲಿ ಎತ್ತಿನ ಹೇರುಗಳೊಡನೆ ಊರೂರು ತಿರುಗುವ ಬಣಜಾರರು, ಎಂದರೆ ಲಂಬಾಣಿಗಳು, ಮುಖ್ಯರು. ಅವರಿಗೆ ಟೆಂಡರಿಲ್ಲ, ಲಕೋಟೆಯಿಲ್ಲ; ನಾಯಕನ ಮಾತೇ ಪತ್ರ. ಇತ್ತ ಮೈಸೂರಿನ ಅರಸರಾದರೋ ಭಾರ ಎಳೆಯುವ ಎತ್ತುಗಳಿಗೆ ಯಾರ ಗುತ್ತಿಗೆಯನ್ನೂ ನೆಚ್ಚದೆ ತಮ್ಮದೇ ತಳಿಯನ್ನು ಸಾಕುತ್ತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಆಯಿತು. ಮುಂದೆ ವೆಲ್ಲೆಸ್ಲಿಯು ಆ ಎತ್ತುಗಳ ನಡೆಯನ್ನು ಕಂಡು ಹೊಗಳಿದನು. ಈ ಕಾಲದಲ್ಲಿಯೂ ಮತದಾರನ ಬೆರಳಿಗೆ ಹಚ್ಚುವ ಅಳಿಸದ ಶಾಯಿಯನ್ನು ೧೯೩೭ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸ್ಥಾಪಿಸಿದ ಮೈಸೂರಿನ ಬಣ್ಣದ ಕಾರಖಾನೆಯು, ಈಗ ರಾಜ್ಯ ಸರಕಾರದ ಸಂಸ್ಥೆಯಾಗಿ, ೧೯೬೨ರ ಚುನಾವಣೆಯಿಂದ ಒದಗಿಸುತ್ತ ಬಂದಿದೆ. ಆದರೆ ಎತ್ತು ಮತ್ತು ಶಾಯಿಯ ಮಾತು ಬೇರೆ. ಸೂಜಿಯಿಂದ ಹಿಡಿದು ಸೀಟಿಯವರೆಗೆ ಎಲ್ಲವನ್ನೂ ತಾನೇ ಮಾಡಹೊರಟ ಸರಕಾರವು ಆಳುವುದನ್ನು ಮರೆತೀತು. ಅಲ್ಲದೆ ಅಮೃತಮಹಲಿನ ಎತ್ತು ಚೆನ್ನಾಗಿದ್ದುದು ಅದು ಸರಕಾರದ್ದಾದುದರಿಂದಲ್ಲ, ಅರಸನ ಫಿರಂಗಿಯನ್ನು ಅದೇ ಎಳೆಯಬೇಕಾಗಿದ್ದುದರಿಂದ. ಕೊಂಡವನೂ ಉಪಯೋಗಿಸುವವನೂ ಅಲ್ಲಿ ಒಬ್ಬನೇ ಆಗಿದ್ದನು.

ಇಂದಿಗೂ ಸರಕಾರವು ತನ್ನ ಗೌರವಕ್ಕೆ ಅಂಟಿಕೊಂಡ ಸರಕನ್ನು ಎಷ್ಟು ಎಚ್ಚರಿಕೆಯಿಂದ ನೋಡಿಕೊಳ್ಳಬಲ್ಲದೆಂಬುದಕ್ಕೆ ಧಾರವಾಡ ಜಿಲ್ಲೆಯಲ್ಲಿಯೇ ಸಾಕ್ಷಿಯಿದೆ. ಗರಗದ ಖಾದಿಯೂ, ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿಯುವ ರಾಷ್ಟ್ರಧ್ವಜವೂ ಯಾರಿಗೆ ತಿಳಿಯದು? ಧ್ವಜಕ್ಕೆಂದು ವಿಧಿಸಿದ ಮಾನಕವು ನೂಲಿನ ಎಳೆಯನ್ನೂ, ಬಟ್ಟೆಯ ತೂಕವನ್ನೂ, ಬಣ್ಣದ ಛಾಯೆಯನ್ನೂ, ಅಳತೆಯನ್ನೂ, ಹೊಲಿಗೆಯ ದಾರವನ್ನೂ ಬಿಡದೆ ಗೊತ್ತುಮಾಡಿದೆ. ಪರೀಕ್ಷೆಯಲ್ಲಿ ಕೊರತೆ ಕಂಡರೆ ಆ ಮಾಲಿಗೆ ಕ್ಷಮೆಯಿಲ್ಲ. ೨೦೨೧ರ ಡಿಸೆಂಬರದಲ್ಲಿ ಧ್ವಜಸಂಹಿತೆಯನ್ನು ತಿದ್ದಿ ಯಂತ್ರದ ಬಟ್ಟೆಗೂ ಪಾಲಿಯೆಸ್ಟರಿಗೂ ಎಡೆಗೊಟ್ಟಮೇಲೆ ಖಾದಿಯ ನೇಕಾರರಿಗೆ ತಟ್ಟಿದ ಪೆಟ್ಟು ಬೇರೆಯೇ ಒಂದು ಪ್ರಕರಣ, ಅದನ್ನಿಲ್ಲಿ ಬೆಳೆಸಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೆ: ಶಾಲೆಯ ಅಂಗಳದಲ್ಲಿ ಕಂಬದ ಮೇಲೆ ಹಾರುವುದೂ ಬಟ್ಟೆಯೇ, ಕಂಬದ ಕೆಳಗೆ ಸಾಲಾಗಿ ನಿಂತವರು ತೊಟ್ಟುದೂ ಬಟ್ಟೆಯೇ. ಮೇಲಿನದರ ಎಳೆಗಳನ್ನು ಎಣಿಸುವ ಕಣ್ಣು ಕೆಳಗಿನದನ್ನು ತೂಗಿ ಮಾತ್ರ ಬಿಡುವುದೇಕೆ? ಎಣಿಸಲು ಬಾರದೆಂದಲ್ಲ, ಎಣಿಸಬೇಕೆನಿಸಿಲ್ಲ.

ಹೀಗೆ ಹೇಳಿದಮೇಲೆ ತಪ್ಪಿನ ಭಾರವನ್ನೆಲ್ಲ ಕಂತ್ರಾಟುದಾರನ ತಲೆಯ ಮೇಲೆಯೇ ಹೊರಿಸುವುದು ಸಲ್ಲದು. ಆಗದ ದರವನ್ನು ಬರೆಯುವುದು ಸುಳ್ಳಾದರೆ, ಆಗದೆಂದು ತಿಳಿದೂ ಅದನ್ನು ಒಪ್ಪುವುದು ಏನು? ಕೇಂದ್ರ ಸರಕಾರದ ಖರೀದಿಯ ಕೈಪಿಡಿಯು ಅಸಹಜವಾಗಿ ಕಡಮೆಯಾದ ದರ ಬಂದಾಗ ಬರೆದವನಿಂದ ಲೆಕ್ಕದ ವಿವರಣೆಯನ್ನು ಕೇಳಬೇಕೆಂದು ಹೇಳಿದೆ. ೨೦೨೧ರ ಅಕ್ಟೋಬರದಲ್ಲಿ ಹೊರಟ ಸೂಚನೆಗಳು ಅತಿ ಕಡಮೆ ದರದ ಪದ್ಧತಿಯ ಕೊರತೆಗಳನ್ನು ಒಪ್ಪಿ, ಕೆಲವು ಬಗೆಯ ಕಾಮಗಾರಿ ಮತ್ತು ಸೇವೆಗಳಲ್ಲಿ ಗುಣಕ್ಕೆ ನೂರರಲ್ಲಿ ೩೦ರವರೆಗೆ ಅಂಕ ಕೊಡಬಹುದೆಂದಿವೆ. ಒಳ್ಳೆಯ ಮಾತುಗಳೇ. ಆದರೆ ಪ್ರಶ್ನೆ ಕೇಳಿದವನು ತೊಂದರೆಗೆ ಸಿಕ್ಕುವ ಕಚೇರಿಯಲ್ಲಿ ಪ್ರಶ್ನೆ ಕೇಳುವ ಅಧಿಕಾರವು ಕಪಾಟಿನಲ್ಲಿಯೇ ಉಳಿಯುವುದು. ಸಣ್ಣ ಉದ್ಯಮಿಗಳಿಗೆ ಮಾಡಿದ ಉಪಕಾರವನ್ನೇ ನೋಡಬಹುದು. ೨೦೧೨ರ ಆಜ್ಞೆಯಂತೆ, ಸಣ್ಣವನ ದರವು ಅತಿ ಕಡಮೆ ದರಕ್ಕಿಂತ ನೂರಕ್ಕೆ ೧೫ರ ಒಳಗೆ ಹೆಚ್ಚಿದ್ದರೆ ಅವನಿಗೂ ಮಾಲಿನಲ್ಲಿ ಒಂದು ಪಾಲು ಸಿಕ್ಕುವುದು. ಆದರೆ ಅವನು ಆ ಅತಿ ಕಡಮೆ ದರಕ್ಕೇ ಇಳಿದು ಬರಬೇಕು. ಆ ದರವು ನಿಜವಾದುದಾದರೆ ಇದು ಉಪಕಾರ. ಅದು ಸುಳ್ಳಿನ ದರವಾದರೆ, ಸತ್ಯ ಬರೆದವನನ್ನು ಕರೆದು, ನೀನೂ ಇದಕ್ಕೆ ರುಜು ಹಾಕು, ಪಾಲು ಕೊಡುವೆವು ಎಂದಂತಾಯಿತು.

ಎಲ್ಲಕ್ಕೂ ಮಿಗಿಲಾದುದು ಹಣ ಸಲ್ಲಿಸುವ ವಿಳಂಬ. ಸಣ್ಣ ಉದ್ಯಮಿಗೆ ೪೫ ದಿನಗಳೊಳಗೆ ಹಣ ಸಲ್ಲಿಸಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕೆಂದು ೨೦೦೬ರ ಕಾಯಿದೆ ಸ್ಪಷ್ಟವಾಗಿ ವಿಧಿಸಿದೆ. ಆ ಬಡ್ಡಿಯನ್ನು ಕೇಳಲು ಹೋಗುವವರು ವಿರಳ. ಇಂದು ಬಡ್ಡಿಗಾಗಿ ಕಚೇರಿಯ ಮೇಲೆ ದೂರಿತ್ತವನು ನಾಳೆ ಅದೇ ಕಚೇರಿಯ ಟೆಂಡರಿಗೆ ಹೇಗೆ ಮುಖ ತೋರಿಸಬೇಕು? ಕೇಳಬೇಕಾದವನು ಸುಮ್ಮನಿರುವನು, ಸುಮ್ಮನಿದ್ದುದರ ಬೆಲೆಯನ್ನು ಮುಂದಿನ ದರದಲ್ಲಿ ಸೇರಿಸುವನು, ಸೇರಿಸಿದ್ದರಿಂದ ಸೋಲುವನು. ಸೇರಿಸದವನು ಗೆದ್ದು ಬೇರೆಡೆಯಲ್ಲಿ ಕಳೆಯುವನು. ಬಿಲ್ಲು ಬೇಗ ಹೊರಡಲೆಂದು ಕೈ ಬೆಚ್ಚಗೆ ಮಾಡುವವನೂ ಅದನ್ನು ಬಟ್ಟೆಯ ಎಳೆಗಳಿಂದಲೇ ಹಿಂದಕ್ಕೆ ಪಡೆಯುವನು. ಹೊತ್ತಿಗೆ ಹಣ ಕೊಡದ ಸರಕಾರವೂ ವಚನಭ್ರಷ್ಟನೇ. ಮಗುವಿನ ಅಂಗಿಯಲ್ಲಿ ತಪ್ಪಿದ ಎಳೆಗಳಲ್ಲಿ ಕೆಲವು ಖಜಾನೆಯಲ್ಲಿ ಎಂಟು ತಿಂಗಳು ಮಲಗಿದ್ದ ಬಿಲ್ಲಿನ ಎಳೆಗಳು.

ಸಾಲಗಾರನಾದ ಸರಕಾರವು ಎಷ್ಟರಮಟ್ಟಿಗೆ ಹೋಗಬಲ್ಲದೆಂಬುದಕ್ಕೆ ಲಾಲಾ ಜೋತಿಪ್ರಸಾದನ ಕಥೆ ಪ್ರಸಿದ್ಧವಾದುದು. ಕಂಪನಿ ಸರಕಾರದ ಸೈನ್ಯಗಳಿಗೆ ಅಫಘಾನಿಸ್ತಾನದ, ಗ್ವಾಲಿಯರದ, ಸಿಖ್ಖರ ಯುದ್ಧಗಳಲ್ಲಿ ರಸದು ಒದಗಿಸಿದ ದೊಡ್ಡ ಕಂತ್ರಾಟುದಾರನವನು. ಯುದ್ಧಗಳು ಮುಗಿದಾಗ ಅವನಿಗೆ ಬರಬೇಕಾಗಿದ್ದ ಬಾಕಿ ಸುಮಾರು ಐದು ಲಕ್ಷ ಪೌಂಡು, ಎಂದರೆ ಅಂದಿನ ಲೆಕ್ಕದಲ್ಲಿ ಐವತ್ತು ಲಕ್ಷ ರೂಪಾಯಿಯ ಆಸುಪಾಸು. ಅವನು ಬಾಕಿಯನ್ನು ಕೇಳಿದನು; ಸರಕಾರವು ಅವನ ಲೆಕ್ಕಗಳಲ್ಲಿ ಮೋಸವಿದೆಯೆಂದು ಅವನ ಮೇಲೆಯೇ ಮೊಕದ್ದಮೆ ಹೂಡಿತು. ೧೮೫೧ರಲ್ಲಿ ಆಗ್ರಾದಲ್ಲಿ ವಿಚಾರಣೆ ನಡೆಯಿತು. ಅವನ ಪರವಾಗಿ ವಾದಿಸಿದವನು ಜಾನ್ ಲಾಂಗ್ ಎಂಬ ಆಸ್ಟ್ರೇಲಿಯದ ವಕೀಲ. ಮುಂದೆ ಝಾಂಸಿಯ ರಾಣಿಯು ಕರೆಸಿಕೊಂಡುದೂ ಇವನನ್ನೇ. ಜೋತಿಪ್ರಸಾದನು ನಿರ್ದೋಷಿಯೆಂದು ಬಿಡುಗಡೆಯಾದನು. ಅವನನ್ನು ಮಹಾತ್ಮನೆಂದು ಬಣ್ಣಿಸಬೇಕಾಗಿಲ್ಲ. ಮೂರು ಯುದ್ಧಗಳಿಗೆ ಕಾಳು ಮಾರಿ ಬಡವನಾಗಿ ಉಳಿದವನಲ್ಲ ಅವನು.

ಆರು ವರ್ಷಗಳು ಕಳೆದುವು. ೧೮೫೭ರ ಜುಲೈಯಲ್ಲಿ ಆಗ್ರಾದ ಹೊರಗೆ ಕಂಪನಿಯ ದಂಡು ಸೋತು, ಊರಿನ ಇಂಗ್ಲಿಷರೆಲ್ಲ ಹೆಂಡಿರು ಮಕ್ಕಳೊಡನೆ ಕೋಟೆಯೊಳಗೆ ಸೇರಿಕೊಂಡರು. ಆ ಸಮಯದಲ್ಲಿ ಕಂಪನಿಯು ಕೊಡುವ ಚೀಟಿಗೆ ಪೇಟೆಯಲ್ಲಿ ಎಷ್ಟು ಬೆಲೆಯಿದ್ದಿರಬಹುದು? ಕೋಟೆಗೆ ರಸದು ಒದಗಿಸಿದವನು ಜೋತಿಪ್ರಸಾದ. ಒಳಗಿದ್ದವರಲ್ಲಿ ೧೮೫೧ರ ಆ ಮೊಕದ್ದಮೆಯನ್ನು ಕಣ್ಣಾರೆ ಕಂಡವರೂ ಕೆಲವರು ಇದ್ದಿರಬೇಕು. ಅವರೂ ಅವನು ಕಳುಹಿಸಿದ ಹಿಟ್ಟಿನ ರೊಟ್ಟಿಯನ್ನೇ ಉಂಡರು.